ಗಡಿಯಾರ ಹಿಂದೆ ಬಿದ್ದ ಗಣಕ, ಬಾಗಿಲಲ್ಲಿ ನಿಂತ ಅಪರಿಚಿತ

ಚಳ್ಳಕೆರೆಯಲ್ಲಿರುವ ನನ್ನ ಸೋದರಮಾವ ಮೂರು ದಶಕ ಗಣಿತ ಕಲಿಸಿ ನಿವೃತ್ತರಾದವರು. ಅವರ ನಡುಮನೆಯ ಮೂಲೆಯಲ್ಲಿ ಹಳೆಯ ಗಣಕಯಂತ್ರವೊಂದಿದೆ. ಅದರ ಮೇಲೆ ಅತ್ತೆ ಕಸೂತಿ ಹಾಕಿದ ಹೊದಿಕೆ. ಪಿಂಚಣಿ ಜಮೆಯಾಯಿತೇ ಎಂದು ನೋಡುವುದು, ವಿದ್ಯುತ್ ಬಿಲ್ಲು ಕಟ್ಟುವುದು, ಬೆಂಗಳೂರಿನಲ್ಲಿರುವ ಮಗನಿಗೆ ಪತ್ರ ಬರೆಯುವುದು, ಇವಿಷ್ಟೇ ಅದರಿಂದ ಅವರಿಗೆ ಆಗಬೇಕಾದ ಕೆಲಸ. ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಬ್ಯಾಂಕಿನ ಜಾಲತಾಣ ತೆರೆಯಲು ಹೋದಾಗ ಪರದೆಯ ಮೇಲೆ ಕೆಂಪು ಗುರುತಿನ ಎಚ್ಚರಿಕೆ ಮೂಡಿತು. ಸಂಪರ್ಕ ಸುರಕ್ಷಿತವಲ್ಲ ಎಂಬ ಒಕ್ಕಣೆ. ಇನ್ನೊಂದು ತಾಣ ತೆರೆದರು, ಅಲ್ಲಿಯೂ ಅದೇ. ಯಾರೋ ಖಾತೆಗೆ ಕೈ ಹಾಕಿದ್ದಾರೆ ಎಂದು ಗಾಬರಿಯಾದರು. ಕೈಲಿದ್ದ ಮೊಬೈಲಿನಲ್ಲಿ ಬ್ಯಾಂಕಿನ ಗ್ರಾಹಕ ಸೇವಾ ಸಂಖ್ಯೆಯನ್ನು ಹುಡುಕಿದರು. ಮೊದಲು ಕಂಡ ಸಂಖ್ಯೆಗೆ ಕರೆ ಮಾಡಿದರು.

ಆ ಕಡೆಯವನು ಬಹಳ ವಿನಯವಂತ. ‘ಹೆದರಬೇಡಿ ಸಾರ್, ಐದೇ ನಿಮಿಷದಲ್ಲಿ ಸರಿಮಾಡಿಕೊಡುತ್ತೇನೆ’ ಎಂದ. ಮೊಬೈಲಿನಲ್ಲಿ ಸಣ್ಣದೊಂದು ತಂತ್ರಾಂಶ ಹಾಕಿಕೊಳ್ಳಲು ಹೇಳಿದ. ಒಂಬತ್ತು ಅಂಕಿಗಳ ಸಂಖ್ಯೆಯೊಂದನ್ನು ಓದಿಸಿಕೊಂಡ. ಖಾತೆ ಜೀವಂತವಾಗಿದೆಯೇ ಎಂದು ಪರೀಕ್ಷಿಸಲು ಒಂದು ರೂಪಾಯಿ ಕಳುಹಿಸಿ ಎಂದ. ಮಾವ ಕಳುಹಿಸಿದರು. ಅವರ ಬೆರಳು ಯಾವ ಅಂಕಿಗಳ ಮೇಲೆ ಓಡಾಡಿತೆಂಬುದನ್ನು ಆತ ಎಲ್ಲಿಂದಲೋ ಕುಳಿತು ನೋಡುತ್ತಿದ್ದ. ಕಾಫಿ ಆರುವಷ್ಟರಲ್ಲಿ ಎರಡು ಕಂತಿನಲ್ಲಿ ನಲವತ್ತೊಂದು ಸಾವಿರ ರೂಪಾಯಿ ಹೋಗಿತ್ತು.

ಎರಡು ದಿನಗಳ ನಂತರ ನಾನು ಹೋಗಿ ಆ ಗಣಕದ ಮುಂದೆ ಕುಳಿತಾಗ ಕಂಡದ್ದು ಪರದೆಯ ಕೆಳಮೂಲೆಯಲ್ಲಿದ್ದ ದಿನಾಂಕ. ಅದು ಒಂದು ದಶಕಕ್ಕೂ ಹಿಂದಿನ ವರ್ಷವನ್ನು ತೋರಿಸುತ್ತಿತ್ತು. ಯಂತ್ರದ ಒಳಗೆ ನಾಣ್ಯದಾಕಾರದ ಪುಟ್ಟ ಬ್ಯಾಟರಿಯೊಂದಿರುತ್ತದೆ. ವಿದ್ಯುತ್ ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಕೆಲವು ವರ್ಷಗಳಲ್ಲಿ ಅದು ಸತ್ತುಹೋಗುತ್ತದೆ. ಸುರಕ್ಷಿತ ಜಾಲತಾಣಗಳು ನಮ್ಮ ಗಣಕಕ್ಕೆ ಗುರುತಿನ ಪ್ರಮಾಣಪತ್ರವೊಂದನ್ನು ತೋರಿಸುತ್ತವೆ. ವಾಹನ ಚಾಲನಾ ಪರವಾನಗಿಗೆ ಇರುವಂತೆ ಅದಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಗಣಕದ ಗಡಿಯಾರ ಹತ್ತಾರು ವರ್ಷ ಹಿಂದೆ ಬಿದ್ದಿದ್ದರೆ ಇಂದಿನ ಪ್ರಮಾಣಪತ್ರ ಅದಕ್ಕೆ ಇನ್ನೂ ಹುಟ್ಟದ ಪತ್ರವಾಗಿ ಕಾಣುತ್ತದೆ, ಅದು ತಿರಸ್ಕರಿಸುತ್ತದೆ. ಅಂದು ಪರದೆಯ ಮೇಲಿದ್ದ ಇಂಗ್ಲಿಷ್ ಒಕ್ಕಣೆಯಲ್ಲಿ ಗಡಿಯಾರದ ಮಾತೂ ಇತ್ತು. ಕೆಂಪು ಬಣ್ಣ ಕಂಡವರು ಎರಡನೆಯ ಸಾಲು ಓದುವುದಿಲ್ಲ.

ಗಣಕದ ದುರಸ್ತಿ ಮತ್ತು ಅಂತರ್ಜಾಲದ ಸುರಕ್ಷತೆ ಎರಡು ಬೇರೆ ವಿಷಯಗಳೆಂದು ಪುಸ್ತಕಗಳು ಬೇರೆ ಬೇರೆ ಅಧ್ಯಾಯ ಬರೆಯುತ್ತವೆ. ಮನೆಗಳಲ್ಲಿ ಅವು ಹಾಗೆ ಬೇರೆಯಾಗಿಲ್ಲ. ಯಂತ್ರ ಕೆಟ್ಟ ಗಳಿಗೆಯಲ್ಲೇ ಮನುಷ್ಯ ಅಪರಿಚಿತನಿಗೆ ಬಾಗಿಲು ತೆರೆಯುತ್ತಾನೆ. ಬೆಂಗಳೂರಿನಲ್ಲಾದರೆ ಪಕ್ಕದ ಮನೆಯ ಹುಡುಗನೇ ತಂತ್ರಜ್ಞ. ಚಳ್ಳಕೆರೆಯಲ್ಲೋ ಮೊಳಕಾಲ್ಮುರಿನಲ್ಲೋ ಮಕ್ಕಳು ದೂರದ ಊರು ಸೇರಿ, ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗಳಲ್ಲಿ ಹತ್ತಿರದ ತಂತ್ರಜ್ಞ ಎಂದರೆ ಹುಡುಕುಯಂತ್ರ ತೋರಿಸಿದ ಮೊದಲ ದೂರವಾಣಿ ಸಂಖ್ಯೆ.

ಇದೇ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ, ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಹೆಲಿಕಾಪ್ಟರೊಂದು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ಮರುಬಳಕೆ ವಾಹನವು ಯಾರ ಸಹಾಯವೂ ಇಲ್ಲದೆ ತಾನೇ ದಾರಿ ಹುಡುಕಿಕೊಂಡು ಇಲ್ಲಿನ ಓಡುಹಾದಿಯ ಮೇಲೆ ಇಳಿಯಿತು. ಅದನ್ನು ಓದಿ ಹೆಮ್ಮೆಪಟ್ಟವರಲ್ಲಿ ಮಾವನೂ ಒಬ್ಬರು. ವಿಜ್ಞಾನ ನಗರಿ ಎಂಬ ಹೆಸರು ತಾಲ್ಲೂಕಿಗೆ ಬಂದಿದೆ. ಬ್ಯಾಟರಿ ಸತ್ತಾಗ ಯಾರನ್ನು ಕೇಳಬೇಕೆಂಬ ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇದೆ.

ಹಾಗಾಗಿ ಮೊದಲು ಯಂತ್ರದ ಮಾತು. ಮನೆಯ ಗಣಕಕ್ಕೆ ಬರುವ ಕಾಯಿಲೆಗಳಲ್ಲಿ ಬಹುಪಾಲು ವೈರಸ್ಸಿನವಲ್ಲ. ಧೂಳು, ಬಿಸಿ ಮತ್ತು ವಿದ್ಯುತ್ತಿನವು. ರಾಜ್ಯದ ಅತ್ಯಂತ ಕಡಿಮೆ ಮಳೆಯ ಸೀಮೆಗಳಲ್ಲಿ ಒಂದಾದ ಈ ಭಾಗದಲ್ಲಿ ಬೇಸಿಗೆಯ ಗಾಳಿ ಎಬ್ಬಿಸುವ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಸಂಸ್ಕಾರಕವನ್ನು ತಂಪಾಗಿಡುವ ಫ್ಯಾನು ಮತ್ತು ಅದರ ಅಡಿಯ ಲೋಹದ ಪಟ್ಟಿಗಳ ನಡುವೆ ಅದು ಹತ್ತಿಯಂತೆ ಕಟ್ಟಿಕೊಳ್ಳುತ್ತದೆ. ಬಿಸಿ ಹೊರಹೋಗದಿದ್ದರೆ ಗಣಕ ಮೊದಲು ನಿಧಾನವಾಗುತ್ತದೆ, ನಂತರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು ಹಚ್ಚಿದರೆ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಇದಕ್ಕೆ ವೈರಸ್ ನಿರೋಧಕ ಕೊಳ್ಳುವುದೆಂದರೆ ಬಿಸಿಲು ತಾಗಿ ಬವಳಿ ಬಂದವನಿಗೆ ತಾಯತ ಕಟ್ಟಿದಂತೆ. ತಂತಿ ಕಿತ್ತು, ಪೆಟ್ಟಿಗೆ ತೆರೆದು, ಫ್ಯಾನು ಗಿರಗಿರನೆ ತಿರುಗದಂತೆ ಬೆರಳಲ್ಲಿ ಹಿಡಿದು, ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಅರ್ಧ ಕಾಯಿಲೆ ವಾಸಿ. ಲ್ಯಾಪ್‌ಟಾಪ್ ಉಳ್ಳವರು ಅದನ್ನು ಹಾಸಿಗೆಯ ಮೇಲೆ ಇಟ್ಟುಕೊಳ್ಳಬಾರದು. ಚಳ್ಳಕೆರೆಯ ಕಂಬಳಿ ಮನುಷ್ಯನಿಗೆ ಎಷ್ಟು ಹಿತವೋ ಲ್ಯಾಪ್‌ಟಾಪಿನ ಅಡಿಯ ಗಾಳಿಕಿಂಡಿಗೆ ಅಷ್ಟೇ ಅಹಿತ.

ಗಣಕ ಹಚ್ಚಿದೊಡನೆ ಬೀಪ್ ಬೀಪ್ ಎಂದು ಕೂಗಿ ಪರದೆ ಕಪ್ಪಾಗಿಯೇ ಉಳಿದರೆ ಬಹಳ ಸಲ ಒಳಗಿನ ಸ್ಮೃತಿಪಟ್ಟಿ, ಅಂದರೆ ರ‍್ಯಾಮ್, ಸಡಿಲವಾಗಿರುತ್ತದೆ. ಅದನ್ನು ತೆಗೆದು ಅಂಚು ಒರೆಸಿ ಕೂರಿಸಿದರೆ ಸಾಕಾಗಬಹುದು. ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರತೊಡಗಿದರೆ ಮಾತ್ರ ದುರಸ್ತಿಯ ಯೋಚನೆ ಬಿಟ್ಟು, ಮೊದಲು ಫೋಟೋಗಳನ್ನೂ ಕಾಗದಪತ್ರಗಳನ್ನೂ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಕರೆಂಟು ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಗಣಕ ಇಟ್ಟುಕೊಳ್ಳುವುದು ಡಿಸ್ಕಿಗೆ ಮಾಡುವ ದ್ರೋಹ.

ಇನ್ನು ಕನ್ನಡಿಗರಿಗೇ ಮೀಸಲಾದ ಒಂದು ಕಾಯಿಲೆಯಿದೆ. ಹಳೆಯ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಅಕ್ಷರಗಳಿಲ್ಲದ ಗಣಕದಲ್ಲಿ ತೆರೆದರೆ ಅಡ್ಡಾದಿಡ್ಡಿ ರೋಮನ್ ಚಿಹ್ನೆಗಳು ಕಾಣುತ್ತವೆ. ಮೊಳಕಾಲ್ಮುರಿನ ಪರಿಚಿತರೊಬ್ಬರು ಹೀಗೆ ಕಂಡ ಸಂಘದ ವರದಿಯನ್ನು ವೈರಸ್ ತಿಂದಿದೆ ಎಂದು ತೀರ್ಮಾನಿಸಿ ಇಡೀ ಡಿಸ್ಕನ್ನು ಅಳಿಸಿಬಿಟ್ಟಿದ್ದರು. ವರದಿ ನೆಟ್ಟಗೇ ಇತ್ತು. ಆ ಅಕ್ಷರ ವಿನ್ಯಾಸವಷ್ಟೇ ಇರಲಿಲ್ಲ. ಅದನ್ನು ಹಾಕಿಕೊಳ್ಳಬೇಕು, ಇಲ್ಲವೇ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಆದರೆ ಅಕ್ಷರ ಉಚಿತವಾಗಿ ಸಿಗುತ್ತದೆಂದು ಕಂಡ ಕಂಡ ತಾಣದಿಂದ ಇಳಿಸಿಕೊಳ್ಳಬಾರದು. ಬಿಟ್ಟಿ ತಂತ್ರಾಂಶದ ಹೆಸರಿನ ದೊಡ್ಡ ಹಸಿರು ಗುಂಡಿಯ ಹಿಂದೆ ಇರುವುದು ಹೆಚ್ಚಾಗಿ ಜಾಹೀರಾತಿನ ಪಿಶಾಚಿ.

ಸಣ್ಣ ಊರಿನ ಇನ್ನೊಂದು ದ್ವಾರ ಪೆನ್‌ಡ್ರೈವ್. ಅಂಕಪಟ್ಟಿ, ಪಹಣಿ, ಆಧಾರ್ ಪ್ರತಿ ಮುದ್ರಿಸಲು ಅದನ್ನು ಜೆರಾಕ್ಸ್ ಅಂಗಡಿಗೆ ಒಯ್ಯುತ್ತೇವೆ. ದಿನಕ್ಕೆ ನೂರಾರು ಪೆನ್‌ಡ್ರೈವ್ ಚುಚ್ಚಿಸಿಕೊಂಡ ಆ ಗಣಕ ಸಂತೆಯ ಕೈತೊಳೆಯುವ ನೀರಿದ್ದಂತೆ. ಮನೆಗೆ ಬಂದು ನೋಡಿದರೆ ಕಡತಗಳೆಲ್ಲ ಮಾಯವಾಗಿ ಅವುಗಳ ಹೆಸರಿನ ಶಾರ್ಟ್‌ಕಟ್‌ಗಳಷ್ಟೇ ಇರುತ್ತವೆ. ಅವನ್ನು ಒತ್ತಬಾರದು, ಒತ್ತಿದೊಡನೆ ಸೋಂಕು ನಮ್ಮ ಗಣಕಕ್ಕೆ ಇಳಿಯುತ್ತದೆ. ಮೂಲ ಕಡತಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ, ಅಡಗಿಸಲ್ಪಟ್ಟಿರುತ್ತವೆ. ವಿಂಡೋಸ್‌ನೊಂದಿಗೇ ಬರುವ ಡಿಫೆಂಡರ್‌ನಿಂದ ಪರೀಕ್ಷಿಸಿದ ಮೇಲೆ, ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಬಳಸಿದರೆ ಅವು ಮರಳಿ ಕಾಣುತ್ತವೆ. ಅಂಗಡಿಯ ಗಣಕದಲ್ಲಿ ವಾಟ್ಸ್ಆ್ಯಪ್ ತೆರೆದು ಕಡತ ಇಳಿಸಿದವರು ಅದರಿಂದ ಹೊರಬಂದಿದ್ದೇವೆಯೇ ಎಂದು ತಮ್ಮ ಮೊಬೈಲಿನಲ್ಲಿ ಸೇರಿಸಿದ ಸಾಧನಗಳ ಪಟ್ಟಿಯನ್ನು ನೋಡುವುದು ಒಳ್ಳೆಯದು. ಅಂಗಡಿಯವನು ಕಳ್ಳನಲ್ಲದಿರಬಹುದು, ಅವನ ನಂತರದ ಗಿರಾಕಿಯ ಬಗ್ಗೆ ಯಾರು ಭರವಸೆ ಕೊಡುತ್ತಾರೆ?

‘ನಿಮ್ಮ ಗಣಕದಲ್ಲಿ ಐದು ವೈರಸ್ ಪತ್ತೆಯಾಗಿವೆ, ತಕ್ಷಣ ಈ ಸಂಖ್ಯೆಗೆ ಕರೆ ಮಾಡಿ’ ಎಂದು ಸೈರನ್ ಸಮೇತ ಕೂಗುವ ಪರದೆಯನ್ನು ಬಹಳ ಮಂದಿ ನೋಡಿರುತ್ತಾರೆ. ಇದು ಎಚ್ಚರಿಕೆಯಲ್ಲ, ಜಾಹೀರಾತಿನ ವೇಷದ ಬಲೆ. ನಿಜವಾದ ವೈರಸ್ ನಿರೋಧಕ ಯಾವುದೂ ದೂರವಾಣಿ ಸಂಖ್ಯೆ ಕೊಟ್ಟು ಕರೆ ಮಾಡಿ ಎನ್ನುವುದಿಲ್ಲ. ಕಿಟಕಿ ಮುಚ್ಚಲು ಬಿಡದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ಮೂಲಕ ಬ್ರೌಸರನ್ನೇ ನಿಲ್ಲಿಸಬಹುದು. ಅದೂ ಆಗದಿದ್ದರೆ ಗಣಕವನ್ನೇ ಆರಿಸಿದರೂ ಆಕಾಶ ಬೀಳದು. ಪರದೆಯ ಮೂಲೆಯಲ್ಲಿ ದಿನವೂ ಇಂಥ ಚೀಟಿಗಳು ಹಾರುತ್ತಿದ್ದರೆ, ಎಂದೋ ಒಂದು ತಾಣಕ್ಕೆ ಅಧಿಸೂಚನೆ ಕಳುಹಿಸಲು ನಾವೇ ಒಪ್ಪಿಗೆ ಒತ್ತಿದ್ದೇವೆ ಎಂದರ್ಥ. ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಆ ಒಪ್ಪಿಗೆ ಹಿಂತೆಗೆದುಕೊಂಡರೆ ಕಾಟ ನಿಲ್ಲುತ್ತದೆ.

ಪರಿಷ್ಕರಣೆಯನ್ನು, ಅಂದರೆ ಅಪ್‌ಡೇಟನ್ನು, ಮುಂದೂಡುವವರು 2017ನ್ನು ನೆನೆಯಬೇಕು. ಆ ವರ್ಷ ಮೇ 12ರಂದು ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಗಣಕಗಳನ್ನು ಬೀಗ ಹಾಕಿ ಸುಲಿಗೆ ಕೇಳಿದ ವಾನಾಕ್ರೈ ನುಗ್ಗಿದ್ದು ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚ್ ತಿಂಗಳಲ್ಲೇ ತೇಪೆ ಕೊಟ್ಟಿದ್ದ ರಂಧ್ರದ ಮೂಲಕ. ಏಳು ಸುತ್ತಿನ ಕೋಟೆಯ ಜಿಲ್ಲೆಯವರಿಗೆ ಕಿಂಡಿಯ ಕಥೆಯನ್ನು ಹೊಸದಾಗಿ ಹೇಳಬೇಕಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಗಣಕ ಹೊಸ ಆವೃತ್ತಿಯ ಭಾರ ಹೊರದಿದ್ದರೆ ಉಚಿತವಾದ ಲಿನಕ್ಸ್ ಹಾಕಿಸಿಕೊಳ್ಳಬಹುದು; ಪತ್ರ ಬರೆಯಲು, ಪತ್ರಿಕೆ ಓದಲು ಅದು ಧಾರಾಳ ಸಾಕು. ಕದ್ದ ವಿಂಡೋಸ್ ಮಾತ್ರ ಬೇಡ. ಬೀಗ ಒಡೆದು ತಂದ ತಂತ್ರಾಂಶದ ಒಳಗೆ ಒಡೆದವನು ಏನನ್ನು ಇಟ್ಟಿದ್ದಾನೆಂಬುದು ಅವನೊಬ್ಬನಿಗೇ ಗೊತ್ತು.

ಈ ಪಾಟಿ ತಿಳಿದವನಿಗೆ ಯಂತ್ರ ಕೆಟ್ಟಾಗ ಗಾಬರಿ ಕಡಿಮೆಯಾಗುತ್ತದೆ. ವಂಚಕ ಬಂಡವಾಳ ಮಾಡಿಕೊಳ್ಳುವುದು ಆ ಗಾಬರಿಯನ್ನೇ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ರಾಜಾಜ್ಞೆ ಇಲ್ಲಿಗೆ ನೇರವಾಗಿ ಬಂದದ್ದಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಸಂದೇಶ ಅದು. ಕಳುಹಿಸಿದವರು ಯಾರು, ಎಲ್ಲಿಂದ, ಯಾರಿಗೆ ಎಂಬುದು ಮೊದಲಿಗೇ ಬರುತ್ತದೆ; ಎದುರಿನವರ ಆರೋಗ್ಯವನ್ನು ವಿಚಾರಿಸಿದ ಮೇಲೆ ವಿಷಯ. ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ. ಅವನು ಲಿಪಿಕಾರ ಎಂಬ ಪದವನ್ನು ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ತನ್ನದೆಂದು ತೋರಿಸಲು ಬೇರೆಯವರಿಗೆ ಸುಲಭವಲ್ಲದ ರುಜು.

ಇಪ್ಪತ್ತೆರಡು ಶತಮಾನ ಕಳೆದರೂ ಸಂದೇಶದ ಒಕ್ಕಣೆ ಹಾಗೆಯೇ ಉಳಿದಿದೆ. ವಂಚಕನೂ ತಾನು ಯಾರು, ಯಾವ ಕಚೇರಿಯಿಂದ ಎಂದು ಮೊದಲೇ ಹೇಳುತ್ತಾನೆ, ಆರೋಗ್ಯವನ್ನೂ ವಿಚಾರಿಸುತ್ತಾನೆ. ಇಸಿಲದವರಿಗೆ ಸಂದೇಶ ತಂದ ದೂತ ಕಣ್ಣೆದುರಿಗೆ ನಿಂತಿರುತ್ತಿದ್ದ. ನಮಗೆ ದೂತ ಕಾಣುವುದಿಲ್ಲ. ಪರದೆಯ ಮೇಲೆ ಮೂಡುವ ಹೆಸರು, ಲಾಂಛನ, ಸಮವಸ್ತ್ರದ ಚಿತ್ರ ಇವೆಲ್ಲವೂ ನಕಲಾಗುವಂಥವು. ಆದ್ದರಿಂದ ಸಂದೇಶ ತಾನೇ ಹೇಳಿಕೊಂಡ ಗುರುತನ್ನು ಆ ಸಂದೇಶದಿಂದಲೇ ಪರೀಕ್ಷಿಸಲಾಗದು; ಬೇರೆ ದಾರಿಯಿಂದ ಪರೀಕ್ಷಿಸಬೇಕು. ಬ್ಯಾಂಕಿನ ಸಂಖ್ಯೆ ಪಾಸ್‌ಪುಸ್ತಕದಲ್ಲಿದೆ, ಕಾರ್ಡಿನ ಬೆನ್ನ ಮೇಲಿದೆ. ಮಾವ ಅಂದು ಎದ್ದು ಬೀರು ತೆಗೆದಿದ್ದರೆ ಸಾಕಿತ್ತು. ರಿಸರ್ವ್ ಬ್ಯಾಂಕ್ ಸೂಚನೆಯಂತೆ ಬ್ಯಾಂಕುಗಳ ಜಾಲವಿಳಾಸಗಳು ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವಂತೆ ಬದಲಾಗಲು 2025ರ ಅಕ್ಟೋಬರ್ 31ರ ಗಡುವು ನೀಡಲಾಗಿತ್ತು. ನೋಂದಣಿಗೆ ಬ್ಯಾಂಕುಗಳಿಗಷ್ಟೇ ಅವಕಾಶವಿರುವ ಈ ಬಾಲ ಚಪಡನ ಖರೋಷ್ಠಿಯಂತೆ ಒಂದು ರುಜು. ನೋಡಿಕೊಳ್ಳುವ ಅಭ್ಯಾಸ ಇರಲಿ.

ಅಲ್ಲೇ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿವೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಸೀರೆಗಳಿಗೆ ಈಗ ಗಿರಾಕಿ ಫೋನಿನಲ್ಲೇ ಚಿತ್ರ ನೋಡಿ ಬೇಡಿಕೆ ಕಳುಹಿಸುತ್ತಾನೆ. ದೂರದೂರಿನಿಂದ ಕರೆ ಮಾಡಿ ಚೌಕಾಸಿಯನ್ನೇ ಮಾಡದೆ ನಾಲ್ಕು ಸೀರೆ ಒಪ್ಪಿಕೊಂಡು, ‘ಮುಂಗಡ ಕಳುಹಿಸುತ್ತೇನೆ, ಈ ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವವನು ಗಿರಾಕಿಯಲ್ಲ. ಯುಪಿಐ ಪಿನ್ ಹಣ ಕೊಡುವುದಕ್ಕೆ ಮಾತ್ರ. ಪಡೆಯುವುದಕ್ಕೆ ಅದು ಬೇಕಾಗುವುದೇ ಇಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕಲೆಕ್ಟ್ ಸೌಲಭ್ಯವನ್ನು ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲು ಆದೇಶಿಸಿದ್ದೂ ಇಂಥ ಮೋಸಗಳ ಕಾರಣಕ್ಕೇ. ಕ್ಯೂಆರ್ ಮೋಸ ಅದರಿಂದ ನಿಂತಿಲ್ಲ. ಚೌಕಾಸಿ ಮಾಡದ ಗಿರಾಕಿಯನ್ನು ನೇಕಾರರ ಮನೆಯ ಹಿರಿಯರು ಹಿಂದೆಯೂ ನಂಬುತ್ತಿರಲಿಲ್ಲ.

ಹಾಗೆಯೇ ಡಿಜಿಟಲ್ ಬಂಧನ. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೆಂದು ಪ್ರಧಾನಿಯವರೇ 2024ರ ಅಕ್ಟೋಬರ್ 27ರ ಮನದ ಮಾತಿನಲ್ಲಿ ಹೇಳಬೇಕಾಯಿತು. ವಿದ್ಯಾವಂತರೇ, ಜೀವನವಿಡೀ ಕಾನೂನಿಗೆ ತಲೆಬಾಗಿದವರೇ ಇದಕ್ಕೆ ಹೆಚ್ಚು ಬಲಿ ಬೀಳುತ್ತಾರೆ ಎಂಬುದು ನನ್ನ ಅನಿಸಿಕೆ. ಪೊಲೀಸರೆಂದರೆ ಎದ್ದು ನಿಲ್ಲುವ ಸಂಸ್ಕಾರವೇ ಅವರಿಗೆ ಮುಳುವಾಗುತ್ತದೆ. ಮದುವೆ ಆಮಂತ್ರಣದ, ಸರ್ಕಾರಿ ಯೋಜನೆಯ ಹೆಸರಿನಲ್ಲಿ ವಾಟ್ಸ್ಆ್ಯಪಿಗೆ ಬರುವ ಎಪಿಕೆ ಕಡತಗಳದು ಇನ್ನೂ ಸರಳ ಲೆಕ್ಕ: ಆಮಂತ್ರಣ ಚಿತ್ರವಾಗಿ ಬರುತ್ತದೆ, ತಂತ್ರಾಂಶವಾಗಿ ಬರುವುದಿಲ್ಲ.

ಗಣಕವೇ ಇಲ್ಲದ ಮನೆಗೂ ಕಳ್ಳ ಬರಬಲ್ಲ. 2023ರಲ್ಲಿ ರಾಜ್ಯದ ಕೆಲವೆಡೆ, ಮುಖ್ಯವಾಗಿ ಮಂಗಳೂರಿನಲ್ಲಿ, ನೋಂದಾಯಿತ ಆಸ್ತಿ ಪತ್ರಗಳ ಮೇಲಿದ್ದ ಬೆರಳಚ್ಚನ್ನು ನಕಲಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ವರದಿಯಾದವು. ಓಟಿಪಿಯೂ ಇಲ್ಲ, ಕರೆಯೂ ಇಲ್ಲ. ಆಧಾರ್ ಪ್ರಾಧಿಕಾರದ ತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ, ಬೇಕೆಂದಾಗ ತೆಗೆಯಬಹುದು. ಇತ್ತೀಚೆಗೆ ಜಮೀನು ನೋಂದಾಯಿಸಿದವರಾದರೂ ಅದನ್ನು ಮಾಡಿಕೊಳ್ಳುವುದು ಲೇಸು.

ಎಷ್ಟು ಎಚ್ಚರವಿದ್ದರೂ ಹೋಗುವುದು ಹೋಗಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಪೂರ್ತಿ ಅನ್ವಯಿಸುವುದಿಲ್ಲ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಅದು ನಗದಾಗುವ ಮುನ್ನ 1930 ಸಂಖ್ಯೆಗೆ ಕರೆ ಮಾಡಿದರೆ ನಡುದಾರಿಯಲ್ಲಿ ತಡೆಹಿಡಿಯಲು ಸಾಧ್ಯ. ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣದಲ್ಲಿಯೂ ದಾಖಲಿಸಬಹುದು. ನಾಚಿಕೆಪಟ್ಟು ಮಕ್ಕಳಿಗೆ ಹೇಳದೆ ಒಂದು ರಾತ್ರಿ ಕಳೆದರೆ ಆ ಅವಕಾಶ ಕೈಬಿಟ್ಟಂತೆ. ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ತಿರುಳು ವಿಳಂಬದ ಮೇಲೆಯೇ ನಿಂತಿತ್ತು: ಗ್ರಾಹಕನದೂ ಬ್ಯಾಂಕಿನದೂ ಅಲ್ಲದ ಲೋಪದಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ, ಅವನೇ ಗುಟ್ಟು ಹೇಳಿಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು.

ಮಾವ ಅಂದು ಮಧ್ಯಾಹ್ನದೊಳಗೆ ನನಗೆ ಫೋನು ಮಾಡಿದ್ದರು. ಹೇಳುವಾಗ ಧ್ವನಿ ಬಹಳ ಸಣ್ಣದಾಗಿತ್ತು. ‘ನಲವತ್ತು ವರ್ಷದ ಹಿಂದಿನ ವಿದ್ಯಾರ್ಥಿಯ ಹೆಸರು ನೆನಪಿದೆ, ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲೋ’ ಎಂದರು. 1930ಕ್ಕೆ ಕರೆ ಮಾಡಿದ್ದರಿಂದ ಎರಡನೆಯ ಕಂತಿನ ಹದಿನಾರು ಸಾವಿರ ಯಾವುದೋ ಖಾತೆಯಲ್ಲಿ ತಡೆಯಲ್ಪಟ್ಟಿತು, ಉಳಿದದ್ದು ಹೋಯಿತು. ನಾನು ಊರಿಗೆ ಹೋದ ಮೇಲೆ ಮೊದಲು ಮೊಬೈಲಿನಿಂದ ಆ ತಂತ್ರಾಂಶ ಕಿತ್ತುಹಾಕಿದೆ, ಬೇರೊಂದು ಸಾಧನದಿಂದ ಇ-ಮೇಲ್ ಮತ್ತು ಬ್ಯಾಂಕಿನ ಗುಪ್ತಪದಗಳನ್ನು ಬದಲಿಸಿದೆ, ಇ-ಮೇಲಿಗೆ ಎರಡು ಹಂತದ ಪರಿಶೀಲನೆ ಹಾಕಿದೆ. ಉಳಿದ ಖಾತೆಗಳ ಗುಪ್ತಪದವನ್ನೆಲ್ಲ ಮರಳಿ ಪಡೆಯುವ ದಾರಿ ಇ-ಮೇಲ್ ಮೂಲಕವೇ ಹಾದುಹೋಗುವುದರಿಂದ ಅದರ ಬೀಗ ಎಲ್ಲಕ್ಕಿಂತ ಗಟ್ಟಿ ಇರಬೇಕು. ಗುಪ್ತಪದವನ್ನು ಮಾವನೇ ಆರಿಸಿಕೊಂಡರು: ಅವರ ಅಜ್ಜಿ ಆಡುತ್ತಿದ್ದ ಒಂದು ಬೈಗುಳದ ಪೂರ್ತಿ ವಾಕ್ಯ, ಇಂಗ್ಲಿಷ್ ಅಕ್ಷರಗಳಲ್ಲಿ. ಅದು ಯಾವ ನಿಘಂಟಿನಲ್ಲಿಯೂ ಇಲ್ಲ ಎಂದು ನನಗೆ ಖಾತರಿಯಿದೆ.

ಸಂಜೆ ಇಬ್ಬರೂ ಪೇಟೆಗೆ ಹೋದೆವು. ಗಡಿಯಾರ ರಿಪೇರಿ ಅಂಗಡಿಯಲ್ಲೇ ಆ ನಾಣ್ಯದಾಕಾರದ ಬ್ಯಾಟರಿ ಸಿಕ್ಕಿತು. ಐವತ್ತು ರೂಪಾಯಿ. ಅಂಗಡಿಯವನು ಮಾವನ ಹಳೆಯ ವಿದ್ಯಾರ್ಥಿ. ‘ಮನೆಗೆ ಬಂದು ನಾನೇ ಹಾಕಿಕೊಡುತ್ತಿದ್ದೆನಲ್ಲ ಮೇಷ್ಟ್ರೇ, ಒಂದು ಮಾತು ಹೇಳಬಾರದಿತ್ತೇ’ ಎಂದ. ಮಾವ ಅವನ ಸಂಖ್ಯೆಯನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು.